ಗದ್ದೆಯಲ್ಲಿ ಹೆಗ್ಗಣ, ಅಟ್ಟದಲ್ಲಿ ಗೂಬೆ ಮರಿ: ಇಲಿ ಕೇಕ್ ಇಡಬಹುದಾ?

ತೋಡಿನಮನೆ, ಮೂಡಿಗೆರೆ:
ನಮಸ್ಕಾರ. ಕಾಫಿ ತೋಟದ ಕೆಳಗೆ ನಮ್ಮದು ಎರಡು ಎಕರೆ ಬತ್ತದ ಗದ್ದೆ ಇದೆ. ಈಗ ಪೈರು ಹೊಡೆ ಬರುತ್ತಿದೆ. ಅಂಚಿನಿಂದ ಒಳಕ್ಕೆ ದಂಟುಗಳು ಓರೆಯಾಗಿ ಕತ್ತರಿಸಿ ಬಿದ್ದಿವೆ. ಬದುವಿನ ಉದ್ದಕ್ಕೂ ಬಿಲ, ಬಿಲದ ಬಾಯಲ್ಲಿ ಹಸಿ ಮಣ್ಣಿನ ಗುಪ್ಪೆ. ಮಾವನವರು ಗೊಬ್ಬರದ ಅಂಗಡಿಯಿಂದ ಇಲಿ ಕೇಕ್ ತಂದಿದ್ದಾರೆ. ಸದ್ಯಕ್ಕೆ ಇಡಬೇಡಿ ಎಂದು ಕೇಳಿಕೊಂಡಿದ್ದೇನೆ. ಹಳೇ ಕೊಟ್ಟಿಗೆಯ ಅಟ್ಟದಲ್ಲಿ ಕಣಜ ಗೂಬೆಗಳು ಮರಿ ಮಾಡಿವೆ. ಕತ್ತಲಾದ ಕೂಡಲೇ ಗದ್ದೆ ಕಡೆಗೇ ಹಾರುತ್ತವೆ. ಬದುವಿನಲ್ಲಿ ಕೇರೆ ಹಾವೂ ಇದೆ. ಇವಕ್ಕೆ ಏನೂ ಆಗಬಾರದು, ಬತ್ತವೂ ಉಳಿಯಬೇಕು. ದಾರಿ ಇದೆಯಾ? ಗೂಬೆ ಇದ್ದೂ ಇಷ್ಟು ಹೆಗ್ಗಣ ಯಾಕೆ ಅಂತಲೂ ಮಾವ ಕೇಳುತ್ತಿದ್ದಾರೆ.

ಬೇಲೂರು ರೈತ:
ಕೇಕ್ ಇಡಿ ಅಕ್ಕ, ನಾವು ಪ್ರತಿ ವರ್ಷ ಇಡುತ್ತೇವೆ. ಗೂಬೆ ಸತ್ತ ಇಲಿ ಮುಟ್ಟುವುದಿಲ್ಲ, ಜೀವ ಇರುವುದನ್ನೇ ಹಿಡಿಯುತ್ತದೆ. ಭಯ ಬೇಡ.

ಆಲೂರು ಬಯಲು:
ಅಣ್ಣಾ, ಬೇಸರ ಮಾಡಿಕೊಳ್ಳಬೇಡಿ, ಇದನ್ನು ಹೇಳಲೇಬೇಕು. ಗೂಬೆ ಜೀವ ಇರುವ ಇಲಿಯನ್ನು ಹಿಡಿಯುತ್ತದೆ, ನಿಜ. ತೊಂದರೆ ಇರುವುದೇ ಅಲ್ಲಿ. ಅಂಗಡಿಯಲ್ಲಿ ಸಿಗುವ ಕೇಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಬ್ರೋಮಾಡಿಯೊಲೋನ್ ಎಂಬ ಇಲಿ ವಿಷ, ಶೇಕಡ 0.005ರಷ್ಟು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಅವತ್ತೇ ಸಾಯುವುದಿಲ್ಲ. ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಓಡಾಡಿಕೊಂಡಿರುತ್ತದೆ. ಆಮೇಲೆ ನಿತ್ರಾಣವಾಗಿ ಬಯಲಿಗೆ ಬರುತ್ತದೆ. ಗೂಬೆಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಅದೇ ಇಲಿ, ಮರಿಗಳಿಗೆ ಕೊಂಡುಹೋಗುವುದೂ ಅದನ್ನೇ. ಈ ವಿಷ ಬೇಗ ಕರಗುವುದಿಲ್ಲ, ಲಿವರಿನಲ್ಲಿ ಉಳಿಯುತ್ತದೆ. ಇಂಥ ಇಲಿಗಳನ್ನು ಒಂದರ ಮೇಲೊಂದು ತಿಂದರೆ ಗೂಬೆಯ ಮೈಯಲ್ಲೂ ಸೇರುತ್ತಾ ಹೋಗುತ್ತದೆ. ಅದು ಎಲ್ಲೋ ಮರದ ಪೊಟರೆಯಲ್ಲಿ ಸತ್ತರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಏನೂ ಆಗಲಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಗೂಬೆ, ಕೇರೆ ಹಾವು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಅಕ್ಕ, ಹಸಿ ಮಣ್ಣಿನ ಗುಪ್ಪೆ ಇದ್ದರೆ ಅದು ಬಹುಶಃ ಗದ್ದೆ ಹೆಗ್ಗಣ. ಗಬ್ಬವಾದ ಮೂರೇ ವಾರಕ್ಕೆ ಮರಿ ಹಾಕುತ್ತದೆ. ಗೂಬೆಯೊಂದೇ ಅದನ್ನು ತಡೆಯಲಾರದು, ನಾವೂ ಕೈ ಹಚ್ಚಬೇಕು. ಮೊದಲು ಸಂಜೆ ಹೊತ್ತು ಎಲ್ಲ ಬಿಲದ ಬಾಯನ್ನೂ ಕೆಸರಿನಿಂದ ಮುಚ್ಚಿ. ಬೆಳಿಗ್ಗೆ ತೆರೆದಿರುವ ಬಿಲಗಳಲ್ಲಿ ಮಾತ್ರ ಹೆಗ್ಗಣ ಇದೆ. ಬೇರೆ ಕಡೆ ಸುಮ್ನೆ ಶ್ರಮಪಡಬೇಡಿ. ಆ ಬಿಲಗಳ ಹತ್ತಿರ, ಅದು ಓಡಾಡಿ ಸವೆದ ದಾರಿಗೆ ಅಡ್ಡವಾಗಿ ಇಲಿ ಕತ್ತರಿ (ಸ್ಪ್ರಿಂಗ್ ಇರುವ ಬಲೆ) ಇಡಿ. ಸುಟ್ಟ ಕೊಬ್ಬರಿ ಅಥವಾ ಒಣಮೀನು ಸಿಕ್ಕಿಸಿ. ಮೊದಲ ಒಂದೆರಡು ರಾತ್ರಿ ಕತ್ತರಿ ಎಳೆಯದೆ ತಿಂಡಿ ಮಾತ್ರ ಇಟ್ಟರೆ ಅದರ ಅನುಮಾನ ಹೋಗುತ್ತದೆ. ಕತ್ತರಿಯನ್ನು ಒಡೆದ ಪೈಪಿನ ತುಂಡಿನೊಳಗೋ ಹೆಂಚಿನ ಕೆಳಗೋ ಇಡಿ, ಮೇಲಿನಿಂದ ಹಕ್ಕಿ ಎರಗದಂತೆ. ಸಂಜೆ ಇಟ್ಟು ಬೆಳಕು ಹರಿಯುವ ಮುಂಚೆ ಎತ್ತಿಬಿಡಿ. ಹಗಲು ಹುಂಡುಕೋಳಿ, ಮುಂಗುಸಿ ಅದೇ ಬದುವಿನ ಮೇಲೆ ಓಡಾಡುತ್ತವೆ.

ಬಿಲಕ್ಕೆ ಹೊಗೆ ಬೇಡ. ಹೆಗ್ಗಣದ ಬಿಲದಲ್ಲಿ ಕೇರೆ, ನಾಗರ ಸೇರಿಕೊಂಡಿರುತ್ತವೆ. ಅಂಟಿನ ಹಲಗೆಯನ್ನಂತೂ ಮನೆಯೊಳಗೂ ಇಡಬೇಡಿ. ಹಲ್ಲಿ, ಹಾವಿನ ಮರಿ, ಹಕ್ಕಿ, ಏನು ಸಿಕ್ಕಿದರೂ ನರಳಿ ನರಳಿ ಸಾಯುತ್ತದೆ.

ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ. ಇಲಿಯ ಮೂತ್ರ ಬಿದ್ದ ಗದ್ದೆ ನೀರಿನಿಂದಲೂ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯ ಇದ್ದರೆ ಬೂಟು ಹಾಕಿಕೊಂಡೇ ಇಳಿಯಿರಿ.

ನಿಜವಾದ ಕೆಲಸ ಇರುವುದು ಕೊಯ್ಲು ಮುಗಿದ ಮೇಲೆ. ದಪ್ಪ ಬದು ಇದ್ದರೆ ಹೆಗ್ಗಣಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಬದುವನ್ನು ಒಂದಡಿ ಅಗಲ, ಅರ್ಧ ಅಡಿ ಎತ್ತರಕ್ಕೆ ಕೆತ್ತಿ. ಬಿಲ ಅಗೆಯುವಾಗ ನಿಧಾನ, ಹಾವು ಕಂಡರೆ ಹೋಗಲು ಬಿಡಿ. ಅಕ್ಕಪಕ್ಕದ ಗದ್ದೆಯವರೂ ಅದೇ ವಾರ ಮಾಡಬೇಕು, ಇಲ್ಲದಿದ್ದರೆ ಅಲ್ಲಿಂದ ಇಲ್ಲಿಗೆ ಬರುತ್ತವೆ. ನಮ್ಮ ಬಯಲಿನಲ್ಲಿ ಹಾಗೆ ಒಟ್ಟಿಗೆ ಮಾಡಲು ಶುರು ಮಾಡಿದ ಮೇಲೆಯೇ ವ್ಯತ್ಯಾಸ ಕಂಡಿದ್ದು.

ಗೂಬೆ ಕೂರಲು ಗದ್ದೆ ನಡುವೆ ಟಿ ಆಕಾರದ ಕೋಲು ನೆಡಿ. ಕಾಳು ಗಟ್ಟಿಯಾಗುವಾಗ ಕಿತ್ತುಬಿಡಿ. ಇಲ್ಲದಿದ್ದರೆ ಬತ್ತ ತಿನ್ನುವ ಹಕ್ಕಿಗಳೂ ಅಲ್ಲೇ ಕೂರುತ್ತವೆ.

ಕೊಪ್ಪದ ಅಡಿಕೆ ತೋಟ:
ತೆಂಗಿಗೆ ಹತ್ತುವ ಇಲಿಗೆ ಕಾಂಡದ ಸುತ್ತ ಒಂದೂವರೆ ಅಡಿ ಅಗಲದ ತಗಡು ಸುತ್ತಿ, ಆಳೆತ್ತರದಿಂದ ಮೇಲೆ. ಜಾರುತ್ತದೆ, ಹತ್ತಲಾರದು. ಪಕ್ಕದ ಮರದ ಗರಿ ತಾಗುತ್ತಿದ್ದರೆ ಪ್ರಯೋಜನ ಇಲ್ಲ. ಮೊದಲು ಅದನ್ನು ಕಡಿಯಿರಿ. ವಿಷ ಬೇಡವೇ ಬೇಡ.

ತೋಡಿನಮನೆ, ಮೂಡಿಗೆರೆ:
ತುಂಬಾ ಉಪಕಾರ. ಇವತ್ತು ಸಂಜೆಯೇ ಬಿಲ ಮುಚ್ಚಿಸುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಗೂಬೆಯಿಂದ ಉಪಯೋಗ ಇದೆ ಎಂದು ಮಾವನಿಗೆ ಹೇಗೆ ತೋರಿಸಲಿ? ಅಪಶಕುನ, ಮರಿ ದೊಡ್ಡದಾದ ಮೇಲೆ ಅಟ್ಟ ಮುಚ್ಚಿಸುತ್ತೇನೆ ಅನ್ನುತ್ತಿದ್ದಾರೆ. ತಂದ ಕೇಕನ್ನು ಏನು ಮಾಡಲಿ? ಮನೆಯಲ್ಲಿ ನಾಯಿ ಇದೆ.

ಆಲೂರು ಬಯಲು:
ಅಟ್ಟದ ಕೆಳಗೆ ಕಪ್ಪನೆಯ ಉಂಡೆಗಳು ಬಿದ್ದಿರುತ್ತವೆ, ನೋಡಿ. ಅರಗದ ಕೂದಲು, ಮೂಳೆಯನ್ನು ಗೂಬೆ ಹಾಗೆ ಕಕ್ಕುತ್ತದೆ. ಮಾಸ್ಕ್ ಹಾಕಿಕೊಂಡು ಮಾವನವರ ಎದುರಿಗೇ ಒಂದನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ. ಇಲಿಯ ತಲೆಬುರುಡೆ, ಹಳದಿ ಹಲ್ಲಿರುವ ದವಡೆ ಸಿಗುತ್ತದೆ. ಯಾವ ಮಾತಿಗಿಂತಲೂ ಅದು ಹೆಚ್ಚು ಹೇಳುತ್ತದೆ. ಗೂಡಿನ ವಿಷಯ ಊರಲ್ಲಿ ಹೆಚ್ಚು ಜನರಿಗೆ ಹೇಳಬೇಡಿ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಮಾಟಕ್ಕೆಂದು ಗೂಬೆ ಹಿಡಿಯುವವರು ಇದ್ದಾರೆ. ಅಂಥವರು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ಕೇಕ್ ಪೊಟ್ಟಣ ಒಡೆಯದಿದ್ದರೆ ಅಂಗಡಿಗೇ ವಾಪಸ್ ಕೊಟ್ಟು ನೋಡಿ. ತೆಗೆದುಕೊಳ್ಳದಿದ್ದರೆ ಬೀಗ ಹಾಕಿದ ಡಬ್ಬದಲ್ಲಿಡಿ, ತೋಡಿಗೆ ಎಸೆಯಬೇಡಿ. ನಾಯಿ ತಿಂದರೆ ರಕ್ತ ಬರುವವರೆಗೆ ಕಾಯಬೇಡಿ. ಪೊಟ್ಟಣ ಹಿಡಿದುಕೊಂಡು ಕೂಡಲೇ ಪಶುವೈದ್ಯರ ಹತ್ತಿರ ಹೋಗಿ. ಇದಕ್ಕೆ ವಿಟಮಿನ್ ಕೆ1 ಮದ್ದು ಇದೆ, ವಾರಗಟ್ಟಲೆ ಕೊಡಬೇಕಾಗುತ್ತದೆ.