ಅಪ್‌ಡೇಟ್: ಪಿಲಿಕುಳದಲ್ಲಿ ಕಂಡ ಮರ ಸುರಗಿಯಲ್ಲ, ಸುರಹೊನ್ನೆ

ಮಂಗಳೂರಿನ ಪಿಲಿಕುಳದಲ್ಲಿ ಕಂಡ, ದಪ್ಪ ಹೊಳಪಿನ ಎಲೆಯ, ಬಿಳಿ ಎಸಳಿನ ನಡುವೆ ಹಳದಿ ಕೇಸರ ತುಂಬಿದ ಹೂವಿನ ಮರ ಯಾವುದೆಂದು ಕೇಳಿದ್ದೆ. ಸುರಗಿ, ನಾಗಸಂಪಿಗೆ, ಸುರಹೊನ್ನೆ ಎಂದು ಮೂರು ಉತ್ತರ ಬಂದವು. ಮತ್ತೆ ಹೋಗಿ ನೋಡಿದ ಮೇಲೆ ಖಚಿತವಾಯಿತು: ಸುರಹೊನ್ನೆ, ಕ್ಯಾಲೋಫಿಲಮ್ ಇನೋಫಿಲಮ್.

ಗುರುತು ಹೇಳಿದ್ದು ಎಲೆ. ಉದುರಿದ ಎಲೆಯನ್ನು ಬೆಳಕಿಗೆ ಹಿಡಿದರೆ ಪಕ್ಕದ ನರಗಳು ನಡುನರಕ್ಕೆ ಹೆಚ್ಚುಕಡಿಮೆ ಲಂಬವಾಗಿ ಹೊರಟು, ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಅಂಚಿನವರೆಗೆ ಹೋಗುತ್ತವೆ. ಸುರಗಿಯ ಎಲೆಯಲ್ಲಿ ನರಗಳು ಬಲೆಯಂತೆ ಹೆಣೆದಿರುತ್ತವೆ. ಸುರಗಿಯ ಹೂಗಳು ಎಲೆ ಉದುರಿದ ಹಳೆಯ ರೆಂಬೆಗೇ ಅಂಟಿಕೊಂಡಂತೆ ಮುತ್ತಿರುತ್ತವೆ. ಸುರಹೊನ್ನೆಯ ಹೂಗಳು ಎಲೆಯ ಕಂಕುಳಿನಿಂದ ಉದ್ದ ತೊಟ್ಟಿನ ಗೊಂಚಲಾಗಿ ಬರುತ್ತವೆ. ನಾಗಸಂಪಿಗೆಯಂತೂ ಬೇರೆಯೇ: ಎಲೆ ಕಿರಿದು, ಅಡಿಭಾಗ ಬೂದುಬಿಳಿ, ಚಿಗುರು ಕೆಂಪು.

ನಾನು ಬರೀ ಹೂವಿನ ಫೋಟೋ ಹಾಕಿದ್ದೇ ಗೊಂದಲಕ್ಕೆ ಕಾರಣ, ಮೂರರ ಹೂವೂ ಬಿಳಿ-ಹಳದಿಯೇ. ಎಲೆಯ ಎರಡೂ ಮುಖ, ಎಲೆ ರೆಂಬೆಗೆ ಸೇರುವ ಜಾಗ, ತೊಗಟೆ, ಕೆಳಗೆ ಬಿದ್ದ ಕಾಯಿ, ಅಳತೆಗೆ ಪಕ್ಕದಲ್ಲೊಂದು ನಾಣ್ಯ: ಇಷ್ಟು ಇದ್ದರೆ ಸಾಕು. ಮರದಿಂದ ಏನನ್ನೂ ಕೀಳಬೇಡಿ, ಬಿದ್ದದ್ದರಲ್ಲೇ ಎಲ್ಲ ಸಿಗುತ್ತದೆ. ಇಲ್ಲಿ ಸಿಕ್ಕ ಕಾಯಿ ಉರುಟು, ಸುಮಾರು 3 ಸೆಂ.ಮೀ., ಒಳಗೆ ಒಂದೇ ಬೀಜ.

ಒಬ್ಬರು ಬರೀ ‘ಹೊನ್ನೆ’ ಎಂದು ಬರೆದಿದ್ದರು. ಆ ಹೆಸರು ಕೆಂಪು ಅಂಟು ಒಸರುವ ಬೇಂಗದ ಮರಕ್ಕೂ ಇದೆ. ಅದರದ್ದು 5–7 ಕಿರುಎಲೆಗಳ ಸಂಯುಕ್ತ ಎಲೆ, ಸುತ್ತ ರೆಕ್ಕೆಯಿರುವ ಚಪ್ಪಟೆ ಕಾಯಿ.