ಮೆಶ್ ವೈಫೈಗೆ ‘ಜಾಲರಿ’ ಆಗುತ್ತಾ? ನೋಡ್, ಬ್ಯಾಕ್‌ಹಾಲ್, ಡೆಡ್ ಝೋನ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶಿರಸಿ ಕಡೆ ಮನೆಮನೆಗೆ ಇಂಟರ್‌ನೆಟ್ ಹಾಕಿಕೊಡುವ ಪರಿಚಯದವರೊಬ್ಬರಿಗೆ ಕನ್ನಡದಲ್ಲಿ ಒಂದು ಕರಪತ್ರ ಬೇಕಂತೆ. ಮೆಶ್ ವೈಫೈ, ಅಂದರೆ ಎರಡು ಮೂರು ಪೆಟ್ಟಿಗೆ ಸೇರಿ ಮನೆಯಿಡೀ ಒಂದೇ ವೈಫೈ ಕೊಡುವ ಏರ್ಪಾಡು. ಅದರ ಪೆಟ್ಟಿಗೆಗಳನ್ನು ಮನೆಯೊಳಗೆ ಎಲ್ಲಿಡಬೇಕು, ಯಾಕೆ ಅಲ್ಲೇ ಇಡಬೇಕು ಅನ್ನುವುದು ವಿಷಯ. ಓದುವವರು ತೋಟದ ಮನೆಯವರು, ಹೋಂಸ್ಟೇ ನಡೆಸುವವರು, ಬೆಂಗಳೂರಿನ ಕೆಲಸವನ್ನು ಮೆತ್ತಿಯ (ಮಹಡಿಯ) ಮೇಲೆ ಕೂತು ಮಾಡುವ ಮಕ್ಕಳ ಅಪ್ಪ ಅಮ್ಮಂದಿರು. ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡೆ. ವಿಷಯ ಕಷ್ಟವಿಲ್ಲ, ಪದಗಳದ್ದೇ ತೊಡಕು. ನನಗೆ ತೋಚಿದ್ದನ್ನು ಕೆಳಗೆ ಹಾಕಿದ್ದೇನೆ. ತಿದ್ದಿ, ಬೇರೆ ಇದ್ದರೆ ಹೇಳಿ.

ಮೊದಲು ‘ಮೆಶ್’. ನಿಘಂಟು ತೆಗೆದರೆ ಜಾಲ, ಬಲೆ, ಜಾಲರಿ ಸಿಗುತ್ತವೆ. ‘ಜಾಲ’ ಆಗಲೇ ನೆಟ್‌ವರ್ಕ್‌ಗೆ ಹೋಗಿಬಿಟ್ಟಿದೆ. ಅಂತರ್ಜಾಲ, ಜಾಲತಾಣ ಎಲ್ಲ ಬಂದಾಗಿದೆ. ಹಾಗಾದರೆ ಮೆಶ್ ನೆಟ್‌ವರ್ಕ್ ಏನು, ‘ಜಾಲ ಜಾಲ’ವೇ? ‘ಬಲೆ’ಯನ್ನು ಅಚ್ಚಗನ್ನಡದ ಗೆಳೆಯರು ಮಿಂಬಲೆ ಅಂತ ಇಂಟರ್‌ನೆಟ್‌ಗೆ ಬಳಸುತ್ತಾರೆ. ಆ ಪದ ನನಗೆ ಇಷ್ಟವೇ. ಆದರೆ ಮಲೆನಾಡಿನಲ್ಲಿ ‘ಮನೆಗೆ ಬಲೆ ಹಾಕಿಸಿದೆವು’ ಅಂದರೆ ಮಂಗದ ಕಾಟವಾ ಅಂತ ಕೇಳುತ್ತಾರೆ.

ಉಳಿದದ್ದು ‘ಜಾಲರಿ’. ಅರ್ಥಕ್ಕೆ ಇದೇ ಹತ್ತಿರ. ತೊಂದರೆ ಇರುವುದೂ ಇಲ್ಲೇ. ಮನೆ ಕಟ್ಟಿಸಿದ ಯಾರಿಗೂ ಜಾಲರಿ, ಮೆಶ್ ಎರಡೂ ಪದ ಗೊತ್ತು. ಕಿಟಕಿಗೆ ಸೊಳ್ಳೆ ಮೆಶ್ ಹಾಕಿಸುತ್ತೇವೆ. ಕಾಂಕ್ರೀಟ್ ಕಂಬಕ್ಕೂ ಗೋಡೆಗೂ ಕೂಡುವ ಕಡೆ ಬಿರುಕು ಬಿಡದಿರಲಿ ಅಂತ ಗಾರೆ ಕೆಲಸದವರು ಪ್ಲಾಸ್ಟರ್ ಮಾಡುವ ಮೊದಲು ತಂತಿಯ ಚಿಕನ್ ಮೆಶ್ ಹೊಡೆಯುತ್ತಾರೆ. ಈ ತಂತಿ ಜಾಲರಿ ಇದೆಯಲ್ಲ, ಇದು ವೈಫೈಗೆ ಶತ್ರು. ವೈಫೈಯ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದ್ದು ಸುಮಾರು 6 ಸೆಂಟಿಮೀಟರ್. ಕಣ್ಣು ಅದಕ್ಕಿಂತ ತುಂಬಾ ಚಿಕ್ಕದಾಗಿರುವ ಲೋಹದ ಜಾಲರಿ ಅಡ್ಡ ಬಂದರೆ ಅಲೆಗೆ ಅದು ಹೆಚ್ಚುಕಡಿಮೆ ಗಟ್ಟಿ ತಗಡಿದ್ದ ಹಾಗೆ. ಮೈಕ್ರೋವೇವ್ ಒಲೆಯ ಬಾಗಿಲ ಗಾಜಿನ ಹಿಂದೆ ಸಣ್ಣ ತೂತಿನ ತಗಡು ಇರುವುದು ಇದಕ್ಕೇ. ಅದೂ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಬೆಳಕು ಹೊರಗೆ ಬರುತ್ತದೆ, ಅಲೆ ಬರುವುದಿಲ್ಲ.

ಅಂದರೆ ನನ್ನ ಕರಪತ್ರದ ಒಂದು ಸಾಲು ‘ಜಾಲರಿ ಹಾಕಿಸಿದರೆ ವೈಫೈ ಎಲ್ಲ ಕೋಣೆಗೂ ಬರುತ್ತದೆ’ ಅನ್ನುತ್ತದೆ, ಮುಂದಿನ ಸಾಲು ‘ಗೋಡೆಯಲ್ಲಿ ಜಾಲರಿ ಇದ್ದರೆ ವೈಫೈ ದಾಟುವುದಿಲ್ಲ’ ಅನ್ನುತ್ತದೆ. ಎರಡೂ ನಿಜ. ಓದಿದವರು ಕಾಗದ ಮಡಚಿ ಒಳಗಿಡುತ್ತಾರೆ ಅಷ್ಟೆ.

ಇನ್ನೊಂದು ತಕರಾರು. ಮನೆಯಲ್ಲಿ ಇಡುವ ಎರಡು ಮೂರು ಪೆಟ್ಟಿಗೆ ನಿಜಕ್ಕೂ ಬಲೆಯೇ? ಬಲೆ ಅಂದರೆ ಪ್ರತಿ ಗಂಟಿಗೂ ಅಕ್ಕಪಕ್ಕದ ಗಂಟುಗಳ ಜೊತೆ ನಂಟಿರಬೇಕು. ಒಂದು ದಾರಿ ಕಡಿದರೆ ಇನ್ನೊಂದರಲ್ಲಿ ಹೋಗಬೇಕು. ವೈಫೈಯ ಮೂಲ ನಿಯಮಗಳಿಗೆ 802.11 ಅಂತ ಹೆಸರು. 2011ರಲ್ಲಿ ಅದಕ್ಕೆ ಬಂದ 802.11ಎಸ್ ಅನ್ನುವ ತಿದ್ದುಪಡಿ ವೈಫೈಯಲ್ಲಿ ಇಂಥ ಬಲೆ ಹೆಣೆಯುವ ಕ್ರಮವನ್ನು ಹೇಳುತ್ತದೆ. ಮನೆಯ ಪೆಟ್ಟಿಗೆಗಳು ಈ ಹೆಸರು ಹೊತ್ತು 2016ರ ಹೊತ್ತಿಗೆ ಅಂಗಡಿಗೆ ಬಂದವು. ಅವುಗಳಲ್ಲಿ ಜಾಸ್ತಿ ಪಾಲು ಒಂದು ಮುಖ್ಯ ಪೆಟ್ಟಿಗೆಗೆ ಮಿಕ್ಕವು ನೇತುಬೀಳುವ ಹಾಗೇ ನಡೆಯುತ್ತವೆ. ಆಕಾರ ನೋಡಿದರೆ ಬಲೆಗಿಂತ ಕವಲು. ಒಂದೊಂದು ಕಂಪನಿಯದ್ದು ಒಂದೊಂದು ಒಳಭಾಷೆ ಬೇರೆ. ಒಂದರ ಪೆಟ್ಟಿಗೆ ಇನ್ನೊಂದರ ಜೊತೆ ಕೂಡಲಿ ಅಂತ ವೈಫೈ ಅಲಯನ್ಸ್ ಅನ್ನುವ ಕಂಪನಿಗಳ ಒಕ್ಕೂಟ 2018ರಲ್ಲಿ ಈಸಿಮೆಶ್ ಅನ್ನುವ ಒಪ್ಪಂದ ತಂದಿತು. ಎಲ್ಲರೂ ಅದಕ್ಕೆ ಸೇರಿಕೊಂಡಿಲ್ಲ.

ಹಾಗಾಗಿ ‘ಮೆಶ್ ವೈಫೈ’ಯನ್ನು ಹಾಗೇ ಬಿಡೋಣ ಅಂತ ನನ್ನ ಅನಿಸಿಕೆ. ಡಬ್ಬದ ಮೇಲೆ ಅದೇ ಬರೆದಿದೆ, ಅಂಗಡಿಯಲ್ಲಿ ಅದನ್ನೇ ಕೇಳಬೇಕು. ‘ವೈಫೈ’ಯನ್ನೇ ನೋಡಿ. ಅದು ಯಾವುದರ ಮೊಟಕು ರೂಪವೂ ಅಲ್ಲ. 1999ರಲ್ಲಿ ಹೆಸರು ಕಟ್ಟಿಕೊಡುವ ಒಂದು ಕಂಪನಿಯಿಂದ ಮಾಡಿಸಿಕೊಂಡ ಹೆಸರು. ಅದನ್ನು ‘ನಿಸ್ತಂತು’ ಅಂತ ಕನ್ನಡಿಸಿ ಯಾರಿಗೂ ಏನೂ ಸಿಕ್ಕಿಲ್ಲ. ಕೊಳ್ಳುವ ವಸ್ತುವಿನ ಹೆಸರು ಹೇಗಿದ್ದರೂ ನಡೆಯುತ್ತದೆ. ಅದನ್ನು ಎಲ್ಲಿಡಬೇಕು ಅಂತ ಹೇಳುವ ಪದಗಳು ಮಾತ್ರ ಓದುವವರ ಬಾಯಲ್ಲಿ ಇರುವಂಥವೇ ಆಗಬೇಕು. ಅಲ್ಲಿ ಎಡವಟ್ಟಾದರೆ ದುಡ್ಡು ದಂಡ.

ಈ ಮಾತು ಸುಮ್ನೆ ಹೇಳುತ್ತಿಲ್ಲ. ‘ಬೂಸ್ಟರ್’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ದೂರದರ್ಶನದ ಆಂಟೆನಾ ಕಾಲದಿಂದ ಇದು ನಮ್ಮಲ್ಲಿದೆ. ಚಿತ್ರ ಚುಕ್ಕೆ ಚುಕ್ಕೆಯಾಗಿ ಬಂದರೆ ಬೂಸ್ಟರ್ ಹಾಕಿಸುತ್ತಿದ್ದರು. ಈಗ ವೈಫೈ ಎಕ್ಸ್‌ಟೆಂಡರ್‌ಗೂ ಮೆಶ್ ಪೆಟ್ಟಿಗೆಗೂ ಅದೇ ಹೆಸರು. ಬೂಸ್ಟರ್ ಅಂದಮೇಲೆ ಸಿಗ್ನಲ್ ಇಲ್ಲದ ಕಡೆಯೇ ಅದನ್ನು ಇಡುತ್ತಾರೆ. ಮೆತ್ತಿಯ ಮೂಲೆಯ ಕೋಣೆಗೆ ನೆಟ್ ಬರಲ್ಲ, ಹಾಗಾಗಿ ಪೆಟ್ಟಿಗೆ ಅಲ್ಲೇ. ಫೋನಿನಲ್ಲಿ ವೈಫೈ ಗುರುತು ತುಂಬಾ ತೋರಿಸುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಯಾಕೆಂದರೆ ಆ ಪೆಟ್ಟಿಗೆಗೇ ಏನೂ ಸರಿಯಾಗಿ ಕೇಳಿಸುತ್ತಿಲ್ಲ. ಅದು ಯಾವುದನ್ನೂ ಬಲಗೊಳಿಸುವುದಿಲ್ಲ, ಕೇಳಿದ್ದನ್ನು ತಿರುಗಿ ಹೇಳುತ್ತದೆ. ಕೇಳಿಸದಿದ್ದರೆ ಏನು ಹೇಳೀತು? ಅದನ್ನು ಇಡಬೇಕಾದದ್ದು ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ. ಜಗಲಿಯಲ್ಲಿ ಮುಖ್ಯ ಪೆಟ್ಟಿಗೆ ಇದ್ದರೆ ಎರಡನೆಯದು ಮೆಟ್ಟಿಲ ತಲೆಯಲ್ಲಿ, ಬಾಗಿಲು ತೆರೆದರೆ ಜಗಲಿ ಕಾಣುವ ಕಡೆ. ‘ಬೂಸ್ಟರ್’ ಅನ್ನುವ ಬದಲು ಏನಂದರೆ ಈ ಅರ್ಥ ತಾನಾಗಿ ಹೊಳೆಯುತ್ತದೆ? ‘ಮರುಪ್ರಸಾರಕ’ ಸರಿಯೇ, ಆದರೆ ಆಕಾಶವಾಣಿ ವಾಸನೆ. ‘ದಾಟಿಸುವ ಪೆಟ್ಟಿಗೆ’ ಅಂತ ಸದ್ಯಕ್ಕೆ ಬರೆದಿದ್ದೇನೆ. ದಾಟಿಸುವವನು ನಡುವೆ ನಿಲ್ಲಬೇಕಲ್ವಾ.

ಇನ್ನು ‘ಡೆಡ್ ಝೋನ್’. ‘ಮೃತ ವಲಯ’ ಅಂತ ಒಂದು ಕಡೆ ಓದಿದೆ, ದಯವಿಟ್ಟು ಬೇಡ. ಯಾರೋ ತೀರಿಕೊಂಡ ಜಾಗ ಅನಿಸುತ್ತದೆ. ಮಾತಿನಲ್ಲಿ ‘ಅಲ್ಲಿ ನೆಟ್ ಸಿಗಲ್ಲ’ ಅಷ್ಟೆ, ಹೆಸರುಪದವೇ ಇಲ್ಲ. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನುವುದನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ, ಆದರೆ ಮನೆಯ ಬಚ್ಚಲಿಗೆ ಆ ಮಾತು ದೊಡ್ಡದು. ನನಗೆ ಹೊಳೆದದ್ದು ‘ಸಿಗ್ನಲ್ ನೆರಳು’. ‘ಮಳೆ ನೆರಳಿನ ಪ್ರದೇಶ’ ನಮಗೆಲ್ಲ ಶಾಲೆಯ ಭೂಗೋಳದಿಂದ ಗೊತ್ತು. ಘಟ್ಟ ಅಡ್ಡ ನಿಂತು ಮಳೆ ತಡೆದರೆ ಆಚೆ ಬದಿ ಮಳೆ ನೆರಳು. ಇಲ್ಲಿ ಗೋಡೆ ಅಡ್ಡ ನಿಲ್ಲುತ್ತದೆ. ಈ ಪದದ ಒಂದು ಲಾಭ ಏನೆಂದರೆ, ಕೇಳಿದ ಕೂಡಲೇ ‘ಯಾವುದರ ನೆರಳು?’ ಅಂತ ಕಣ್ಣು ಹುಡುಕುತ್ತದೆ. ಹುಡುಕಬೇಕಾದದ್ದೂ ಅದನ್ನೇ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು, ಫ್ರಿಜ್ಜು, ಇಲ್ಲವೇ ಎರಡಡಿ ದಪ್ಪದ ಹಳೇ ಗೋಡೆ.

ಗೋಡೆಯ ಕಲ್ಲಿಗೂ ಒಂದು ಪದದ ಗೋಜಲಿದೆ. ಶಿರಸಿ ಕಡೆ ಚಿರೆಕಲ್ಲು, ಸಾಗರದ ಕಡೆ ಜಂಬಿಟ್ಟಿಗೆ, ಮಂಗಳೂರು ಕಡೆ ಕೆಂಪುಕಲ್ಲು ಅಥವಾ ಮುರಕಲ್ಲು. ಕರಪತ್ರ ಶಿರಸಿಯದ್ದಾದ್ದರಿಂದ ಚಿರೆಕಲ್ಲು ಅಂತಲೇ ಬರೆಯುತ್ತೇನೆ. ಅದು ತೂತುತೂತಿನ ಕಲ್ಲು, ನೀರು ಹೀರುತ್ತದೆ. ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅಳೆದು ಇಟ್ಟ ಪೆಟ್ಟಿಗೆ ಮಳೆಗಾಲದಲ್ಲಿ ಒಂಚೂರು ಹತ್ತಿರ ಬರಬೇಕಾಗಬಹುದು.

‘ನೋಡ್’, ಅಂದರೆ ಮೆಶ್‌ನ ಒಂದೊಂದು ಪೆಟ್ಟಿಗೆ. ಇದನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆದರೆ ಏನಾಗುತ್ತದೆ ಗೊತ್ತಾ? ‘ಮೂರನೇ ನೋಡ್ ಇಟ್ಟು ನೋಡಿ.’ ಮಾತಿನಲ್ಲಿ ‘ನೋಡು’ ಅನ್ನುವುದು ‘ನೋಡ್’ ಆಗಿಯೇ ಕೇಳಿಸುವುದು. ತಮಾಷೆಗೆ ಚೆನ್ನ, ಕೈಪಿಡಿಗಲ್ಲ. ಇಂಗ್ಲಿಷ್ ಪದದ ಮೂಲ ಅರ್ಥ ಗಂಟು. ನಮ್ಮಲ್ಲಿ ಬಲೆಗೂ ಗಂಟಿದೆ, ಕಬ್ಬಿಗೆ ಗೆಣ್ಣಿದೆ. ಸಸ್ಯಶಾಸ್ತ್ರದ ಪಾಠದಲ್ಲಿ ನೋಡ್ ಅನ್ನುವುದಕ್ಕೆ ಗೆಣ್ಣು ಅಂತಲೇ ಇತ್ತು. ‘ವೈಫೈ ಗೆಣ್ಣು’ ಕೇಳಲು ಮುದ್ದಾಗಿದೆ. ಆದರೆ ಕೇಳಿದವರಿಗೆ ಏನನ್ನು ಎತ್ತಿ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ನನ್ನ ಮತ ‘ತಾಯಿಪೆಟ್ಟಿಗೆ’ ಮತ್ತು ‘ಮರಿಪೆಟ್ಟಿಗೆ’ಗೆ. ತಾಯಿಬೇರು, ತಾಯಿಮರ ತೋಟದವರ ಬಾಯಲ್ಲಿ ದಿನಾ ಇರುವ ಮಾತು. ಯಾವುದು ಫೈಬರ್ ಬಂದ ಕಡೆ ಇರಬೇಕು, ಯಾವುದು ಅದರಿಂದ ತುಂಬಾ ದೂರ ಹೋಗಬಾರದು ಅನ್ನುವುದು ಹೆಸರಿನಲ್ಲೇ ಇದೆ. ‘ತಾಯಿಪೆಟ್ಟಿಗೆಗೆ ಇನ್ವರ್ಟರ್ ಕೊಟ್ಟು ಮರಿಪೆಟ್ಟಿಗೆಗೆ ಕೊಡದಿದ್ದರೆ ಕರೆಂಟ್ ಹೋದಾಗ ಮೆತ್ತಿಗೆ ನೆಟ್ ಇಲ್ಲ’ ಅಂತ ಒಂದೇ ಸಾಲಿನಲ್ಲಿ ಬರೆಯಲು ಆಯಿತು. ನೋಡ್, ಸ್ಯಾಟಲೈಟ್ (ಮರಿಪೆಟ್ಟಿಗೆಗೆ ಇರುವ ಇಂಗ್ಲಿಷ್ ಹೆಸರು) ಅಂತೆಲ್ಲ ಹಾಕಿದ್ದರೆ ಅರ್ಧ ಪುಟ ವಿವರಣೆ ಬೇಕಿತ್ತು.

ನಾನು ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಬ್ಯಾಕ್‌ಹಾಲ್’ ಹತ್ತಿರ. ಒಬ್ಬ ಹಿರಿಯರು ‘ಬ್ಯಾಕ್ ಹಾಲ್ ಅಂದರೆ ಹಿಂದಿನ ಹಾಲಾ? ನಮ್ಮಲ್ಲಿ ಇರೋದು ಒಂದೇ ಹಾಲು’ ಅಂದರಂತೆ. ನಗು ಬಂದರೂ ಅವರದ್ದು ತಪ್ಪಲ್ಲ. ತಾಯಿಪೆಟ್ಟಿಗೆಯಿಂದ ಮರಿಪೆಟ್ಟಿಗೆಗೆ ಡೇಟಾ ಹೋಗಿಬರುವ ದಾರಿಯೇ ಬ್ಯಾಕ್‌ಹಾಲ್. ನಿಮ್ಮ ಫೋನಿಗೂ ಹತ್ತಿರದ ಪೆಟ್ಟಿಗೆಗೂ ನಡುವಿನದು ಬೇರೆ. ಎರಡಕ್ಕೂ ಒಂದೇ ರೇಡಿಯೋ, ಒಂದೇ ಚಾನೆಲ್ ಆದರೆ ಮರಿಪೆಟ್ಟಿಗೆ ಒಮ್ಮೆ ಕೇಳಬೇಕು, ಒಮ್ಮೆ ಹೇಳಬೇಕು. ಎರಡನ್ನೂ ಒಟ್ಟಿಗೆ ಮಾಡಲಾರದು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮರಿಯಿಂದ ಇನ್ನೊಂದು ಮರಿಗೆ ಹೋದರೆ ಮತ್ತೆ ಇಳಿಯುತ್ತದೆ. ಟ್ರೈಬ್ಯಾಂಡ್ ಪೆಟ್ಟಿಗೆಗಳಲ್ಲಿ ಮೂರನೇ ರೇಡಿಯೋ ಒಂದಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದನ್ನು ಈ ಕೆಲಸಕ್ಕೇ ಬಿಟ್ಟಿರುತ್ತಾರೆ.

ನನಗೆ ನೆನಪಾದದ್ದು ಭದ್ರಾ ನಾಲೆ. ಮುಖ್ಯ ನಾಲೆಯ ಕೆಲಸ ನೀರು ಸಾಗಿಸುವುದು, ಹೊಲಕ್ಕೆ ಬಿಡುವುದು ತೂಬಿನ ಕೆಲಸ. ದಾರಿಯುದ್ದಕ್ಕೂ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಕೊನೆ ಭಾಗದ ರೈತರಿಗೆ ನೀರಿಲ್ಲ. ಆ ಗಲಾಟೆ ಪೇಪರಿನಲ್ಲಿ ಪ್ರತಿ ವರ್ಷ ಓದುತ್ತೇವೆ. ಒಂದೇ ರೇಡಿಯೋದ ಬ್ಯಾಕ್‌ಹಾಲ್‌ನದ್ದೂ ಇದೇ ಪಾಡು. ಹಾಗಾಗಿ ‘ಒಳನಾಲೆ’ ಅನ್ನಲೇ? ‘ಒಳನಾಲೆಗೆ ಕೇಬಲ್ ಎಳೆಸಿ’ ಅಂದರೆ ವಾಕ್ಯ ನಿಲ್ಲುತ್ತದೆ. ಹೇಗೂ ಕೇಬಲ್ಲೇ ಎಲ್ಲಕ್ಕಿಂತ ಒಳ್ಳೆಯದು. ಒಂದು ಈಥರ್ನೆಟ್ ಎಳೆ 100 ಮೀಟರ್ ತನಕ ಹೋಗುತ್ತದೆ, ಕೊಟ್ಟಿಗೆ ದಾಟಿ ಹೋಂಸ್ಟೇ ಕೋಣೆಗಳವರೆಗೂ ಸಾಕು. ಆಗ ರೇಡಿಯೋಗೆ ನಿಮ್ಮ ಫೋನನ್ನು ನೋಡಿಕೊಳ್ಳುವುದೊಂದೇ ಕೆಲಸ. ತೊಡಕು ಏನೆಂದರೆ ನಾಲೆ ಬಯಲುಸೀಮೆಯ ಪದ. ತೋಟದವರಿಗೆ ಕೈಗೆ ಹತ್ತುವುದು ಬಸಿಗಾಲುವೆ, ಅದು ನೀರನ್ನು ಹೊರಗೆ ಹಾಕುವುದು. ಪೂರಾ ಉಲ್ಟಾ. ‘ಬೆನ್ನುಕೊಂಡಿ’, ‘ಹಿಂಬದಿ ಸಂಪರ್ಕ’ ಅಂತೆಲ್ಲ ಇಂಗ್ಲಿಷನ್ನು ತುಂಡು ತುಂಡಾಗಿ ಕನ್ನಡಿಸಿದ್ದು ಬಂದಿದೆ. ಈ ದಾರಿಗೆ ಬೆನ್ನೂ ಇಲ್ಲ, ಹಿಂಬದಿಯೂ ಇಲ್ಲ. ಒಂದೂ ಒಗ್ಗಲಿಲ್ಲ.

‘ರೋಮಿಂಗ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಗಲಿಯಿಂದ ಮೆತ್ತಿಗೆ ನಡೆದಾಗ ಫೋನು ಒಂದು ಪೆಟ್ಟಿಗೆ ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ ಈ ಹೆಸರು. ಹಿಂದೆ ರಾಜ್ಯ ದಾಟಿದರೆ ರೋಮಿಂಗ್ ಅಂತ ಕಾಸು ಬೀಳುತ್ತಿದ್ದದ್ದು ಜನರಿಗೆ ನೆನಪಿದೆ, ಮನೆಯೊಳಗೂ ಬಿಲ್ಲು ಬರುತ್ತಾ ಅಂತ ಕೇಳುತ್ತಾರೆ. ‘ಪೆಟ್ಟಿಗೆ ಬದಲಿಸುವುದು’ ಅಂತ ಬರೆದರೆ ಸಾಕು. ಬದಲಿಸುವ ತೀರ್ಮಾನ ಫೋನಿನದ್ದು, ಪೆಟ್ಟಿಗೆ ಸಲಹೆ ಕೊಡಬಹುದು ಅಷ್ಟೆ. 802.11ರ ಕೆ, ವಿ, ಆರ್ ಅನ್ನುವ ಬಾಲಗಳು ಆ ಸಲಹೆಗೂ ಬೇಗ ಬದಲಿಸುವುದಕ್ಕೂ ಇರುವಂಥವು. ದೂರ ಬಂದರೂ ಹಳೆಯದನ್ನೇ ಹಿಡಿದುಕೊಂಡಿರುವ ಫೋನನ್ನು ಇಂಗ್ಲಿಷಿನಲ್ಲಿ ಸ್ಟಿಕಿ ಕ್ಲೈಂಟ್ ಅನ್ನುತ್ತಾರೆ. ‘ಜಿಗುಟು ಫೋನ್’ ಅಂತ ಹಾಕಿದ್ದೇನೆ. ಮದ್ದು ಸುಲಭ, ವೈಫೈ ಒಮ್ಮೆ ಆರಿಸಿ ಹಾಕುವುದು.

ಒಂದು ಕಡೆ ಮಾತ್ರ ಪದಕ್ಕಿಂತ ಲೆಕ್ಕವೇ ಕೈಕೊಡುತ್ತದೆ. ಸಿಗ್ನಲ್ ಅಳೆಯುವ ಆಪ್‌ನಲ್ಲಿ ಮೈನಸ್ 50, ಮೈನಸ್ 80 ಅಂತ ಬರುತ್ತದೆ. 80 ದೊಡ್ಡದು, ಒಳ್ಳೆಯದು ಅಂದುಕೊಳ್ಳುತ್ತಾರೆ. ಉಲ್ಟಾ. ಮೈನಸ್ 60ರಿಂದ ಮೈನಸ್ 70ಕ್ಕೆ ಹೋದರೆ ಶಕ್ತಿ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ‘ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮರಿಪೆಟ್ಟಿಗೆ ಇಡುವ ಜಾಗದಲ್ಲಿ ಮೈನಸ್ 65ಕ್ಕಿಂತ ಕೆಟ್ಟದ್ದು ಬೇಡ’ ಅಂತ ಬರೆದಿದ್ದೇನೆ. ‘ಕೆಟ್ಟದ್ದು’ ಅನ್ನುವ ಕಡೆ ‘ಕಡಿಮೆ’ ಬಳಸಲು ಹೋಗಿಲ್ಲ, ಅದು ಇನ್ನೊಂದು ಗೊಂದಲ.

ನಿಮ್ಮಲ್ಲಿ ಕೇಳುವುದು ಇಷ್ಟು. ‘ಸಿಗ್ನಲ್ ನೆರಳು’ ನಿಮ್ಮ ಕಡೆ ಒಡನೆ ಅರ್ಥವಾಗುತ್ತಾ? ಯಾರಾದರೂ ಆಗಲೇ ಬಳಸುವುದನ್ನು ಕೇಳಿದ್ದೀರಾ? ‘ತಾಯಿಪೆಟ್ಟಿಗೆ’ ಬೇರೆ ಯಾವುದಕ್ಕಾದರೂ ಬಳಕೆಯಲ್ಲಿದೆಯೇ? ಮುಖ್ಯವಾಗಿ ಬ್ಯಾಕ್‌ಹಾಲ್. ಮಲೆನಾಡು, ಕರಾವಳಿಯಲ್ಲಿ ಮೇಲಿನ ಕೆರೆಯಿಂದಲೋ ಅಬ್ಬಿಯಿಂದಲೋ ಮನೆತನಕ ನೀರು ತರುವ ದಾರಿಗೆ, ನಡುವೆ ಯಾರೂ ತೆಗೆದುಕೊಳ್ಳದ ಹಾಗೆ ತರುವುದಕ್ಕೆ, ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಅಡಿಕೆ ಮರದ ದಂಬೆ (ನೀರು ಹರಿಸಲು ಸೀಳಿ ತೋಡಿದ ಕಾಂಡ) ಗೊತ್ತು, ಆದರೆ ಅದು ದಾರಿಗಿಂತ ವಸ್ತುವಿನ ಹೆಸರಾಯಿತು. ಊರಿನ ಹೆಸರು ಸೇರಿಸಿ ಬರೆದರೆ ಉಪಕಾರ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗಬೇಕಂತೆ, ಅಲ್ಲಿಯವರೆಗೆ ‘ಒಳನಾಲೆ’ಯನ್ನೇ ಇಟ್ಟಿರುತ್ತೇನೆ.