ಮಲಾಕೈಟ್ ಡಯಲ್‌ನ ಹಳೇ ಚಿನ್ನದ ವಾಚ್: ಒಳಗೆ ಮಂಜು, ಡಯಲ್ ಮೇಲೆ ಗೆರೆ, ಓಡ್ತಾ ಓಡ್ತಾ ನಿಲ್ಲುತ್ತದೆ

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪ ಬಹರೈನ್‌ನಿಂದ ತಂದಿದ್ದ ಸ್ವಿಸ್ ವಾಚ್ ಈಗ ನನ್ನ ಹತ್ತಿರ ಇದೆ. 18 ಕ್ಯಾರೆಟ್ ಚಿನ್ನ, ತುಂಬ ತೆಳು, ಕೈಯಲ್ಲಿ ಕೀ ಕೊಡಬೇಕು. ಡಯಲ್ ಹಸಿರು ಮಲಾಕೈಟ್ ಕಲ್ಲು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ. ಮಳೆ ಹಿಡಿದ ಮೇಲೆ ಗಾಜಿನ ಒಳಗೆ ಮಂಜು ಕೂರುತ್ತಿದೆ. ಹೋದ ವರ್ಷ ಗಾಜು ಬದಲಾಯಿಸಿದ ಮೇಲೆ ಆಗಾಗ ನಿಂತುಬಿಡುತ್ತದೆ, ಒಮ್ಮೆ 2:10ಕ್ಕೆ, ಒಮ್ಮೆ 4:20ರ ಹೊತ್ತಿಗೆ. ನಡುವಿನಿಂದ ಒಂದು ಬಿಳಿಚಿದ ಗೆರೆಯೂ ಕಾಣುತ್ತದೆ. ಒಬ್ಬರು ಡಯಲ್ ಪಾಲಿಶ್ ಮಾಡಿಸಿ ಅಂದರು. ಮನೆಯಲ್ಲಿ ಹುಣಸೆ ನೀರಲ್ಲಿ ತೊಳೆದು ಅಟ್ಟದ ಮೇಲೆ ಒಣಗಿಸು ಅಂತಾರೆ. ಏನು ಮಾಡಲಿ?

ಹಳೇಗಡಿಯಾರ
ಮಾರಾಯ್ರೆ, ಹುಣಸೆಯೂ ಬೇಡ, ಅಟ್ಟವೂ ಬೇಡ! ಮಲಾಕೈಟ್ ಅಂದರೆ ತಾಮ್ರದ ಕಾರ್ಬೊನೇಟ್. ಹುಳಿ ತಾಗಿದರೆ ಕರಗುತ್ತದೆ, ಹೊಳಪು ಹೋಗುತ್ತದೆ. ಚಿನ್ನಕ್ಕೆ ಒಗ್ಗುವುದು ಕಲ್ಲಿಗೆ ಒಗ್ಗುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಕೂಡ ಹತ್ತಿರ ತರಬೇಡಿ. ಇನ್ನು ಅಟ್ಟದ ಬಿಸಿ. ಇಂಥ ಡಯಲ್‌ನಲ್ಲಿ ಕಲ್ಲಿನ ತೆಳು ಬಿಲ್ಲೆಯನ್ನು ಲೋಹದ ತಗಡಿನ ಮೇಲೆ ಅಂಟಿಸಿರುತ್ತಾರೆ. ಆ ಅಂಟು ಬಿಸಿಗೆ ಸಡಿಲಾದರೆ ಕಲ್ಲು ಅಲ್ಲಾಡುತ್ತದೆ, ಆಮೇಲೆ ಒಡೆಯುತ್ತದೆ.

ನಿಲ್ಲುವ ಹೊತ್ತು ಬರೆದಿದ್ದು ಒಳ್ಳೆಯದಾಯಿತು. 2:11, 4:22, ಈ ಹೊತ್ತಿಗೆ ಎರಡೂ ಮುಳ್ಳು ಒಂದರ ಮೇಲೊಂದು ಬರುತ್ತವೆ. ಅಂದರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ. ಗಾಜು ಹಾಕುವಾಗ ನಿಮಿಷದ ಮುಳ್ಳು ಕೆಳಗೆ ಒತ್ತಿಹೋಗಿರಬಹುದು, ಇಲ್ಲವೇ ಹೊಸ ಗಾಜೇ ತಗ್ಗು. ಮೆಷಿನ್ ಕೆಟ್ಟಿದೆ ಅಂತ ಈಗಲೇ ಬಿಚ್ಚಿಸಬೇಡಿ. ಮುಂದೆ ನಿಂತಾಗ 3:16, 5:27 ಇಂಥ ಹೊತ್ತೇನಾ ನೋಡಿ.

ಮಂಜು ಮಾತ್ರ ತಡ ಮಾಡುವ ವಿಷಯ ಅಲ್ಲ. ಈ ತೆಳು ವಾಚುಗಳನ್ನು ನೀರಿಗೆ ಅಂತ ಮಾಡಿಯೇ ಇಲ್ಲ. ತೇವ ಕೀ ಇರುವ ಜಾಗದಿಂದ ನುಗ್ಗುತ್ತದೆ, ಅಲ್ಲಿನ ಉಕ್ಕಿನ ಕಡ್ಡಿ ಬೇಗ ತುಕ್ಕು ಹಿಡಿಯುತ್ತದೆ. ಕೀ ಕೊಡುವುದು ನಿಲ್ಲಿಸಿ, ಹಿಂದಿನ ಮುಚ್ಚಳ ತೆಗೆದು ಒಣಗಿಸುವವರ ಹತ್ತಿರ ಒಯ್ಯಿರಿ. ಅಕ್ಕಿ ಡಬ್ಬದಲ್ಲಿ ಹೂತಿಡಬೇಡಿ, ಹುಡಿ ಒಳಗೆ ಹೋಗುತ್ತದೆ.

ಸಾಗರದ ಕಲ್ಲುಪ್ರೇಮಿ
ಗೆರೆಯ ಬಗ್ಗೆ ಹೇಳ್ತೇನೆ. ಮಲಾಕೈಟ್‌ನಲ್ಲಿ ತಿಳಿ ಹಸಿರು, ಕಡು ಹಸಿರು ಪಟ್ಟೆಗಳು ಹುಟ್ಟಿನಿಂದಲೇ ಇರುತ್ತವೆ. ಭೂತಗನ್ನಡಿ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಬೆಳಕು ತಿರುಗಿಸಿದಂತೆ ಗೆರೆ ಮಿನುಗಿ ಮಾಯವಾದರೆ ಅದು ಬಿರುಕು. ಪಟ್ಟೆಯ ಜೊತೆಯೇ ಬಾಗಿಕೊಂಡು, ಯಾವ ಬೆಳಕಿಗೂ ಹಾಗೇ ಇದ್ದರೆ ಅದು ಕಲ್ಲಿನದೇ ಗೆರೆ.

ಪಾಲಿಶ್ ಬೇಡವೇ ಬೇಡ. ಕಲ್ಲಿನ ಗಡಸುತನ ಅಳೆಯುವ 1ರಿಂದ 10ರ ಮೋಸ್ ಪಟ್ಟಿಯಲ್ಲಿ ಮಲಾಕೈಟ್ 3.5ರಿಂದ 4, ಡಯಲ್‌ಗೆ ಬಳಸುವ ಓನಿಕ್ಸ್, ಹುಲಿಗಣ್ಣು ಕಲ್ಲುಗಳು 7ರ ಹತ್ತಿರ. ಮಲಾಕೈಟನ್ನು ಚಾಕುವಿನ ಮೊನೆಯೇ ಗೀರುತ್ತದೆ. ಕಂಪನಿ ಹೆಸರೂ ಕಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ, ಉಜ್ಜಿದರೆ ಅದೂ ಹೋಯಿತು.

ಅಡಿಕೆತೋಟ
ನೋಡಿದೆ. ಮಿನುಗಿ ಮಾಯವಾಗುತ್ತದೆ, ಪಟ್ಟೆ ದಾಟಿಕೊಂಡೂ ಹೋಗಿದೆ. ನಡುವಿನ ತೂತಿನಿಂದಲೇ ಶುರು. ನಿನ್ನೆ ನಿಂತಿದ್ದು 3:16ಕ್ಕೆ. ವಾಚನ್ನು ಶಿವಮೊಗ್ಗಕ್ಕೆ ಒಯ್ಯುತ್ತೇನೆ. ಕಲ್ಲು ಬದಲಾಯಿಸಲಾ?

ಹಳೇಗಡಿಯಾರ
ಬೇಡ. ಹೊಸ ಕಲ್ಲು ಹಾಕಿದರೆ ದೊಡ್ಡಪ್ಪ ಕಟ್ಟುತ್ತಿದ್ದ ವಾಚ್ ಉಳಿಯುವುದಿಲ್ಲ. ಕೂದಲೆಳೆಯ ಬಿರುಕು ಇರುವ ಮೂಲ ಡಯಲ್ಲೇ ನನಗೆ ಮೇಲು. ಸ್ವಿಸ್ ವಾಚ್ ಕಂಪನಿ ಪಿಯಾಜೆಯವರು 1957ರಲ್ಲಿ 2 ಮಿ.ಮೀ. ದಪ್ಪದ 9ಪಿ ಅನ್ನುವ ಮೆಷಿನ್ ತಂದರು. ಅಷ್ಟು ತೆಳುವಾದ್ದರಿಂದಲೇ 60ರ ದಶಕದಲ್ಲಿ ಕಲ್ಲಿನ ಡಯಲ್‌ಗೆ ಜಾಗ ಸಿಕ್ಕಿತು. ಹಾಗೆ ಅಳೆದು ಕೂರಿಸಿದ ಕಲ್ಲನ್ನು ಸುಮ್ನೆ ಕೀಳಿಸಬೇಡಿ.

ರಿಪೇರಿಯವರಿಗೆ ಎರಡು ಮಾತು ಬಿಡಿಸಿ ಹೇಳಿ. ಮುಳ್ಳು ತೆಗೆಯುವಾಗ ಕಲ್ಲಿಗೆ ಆನಿಸಿ ಮೀಟಬಾರದು. ತೂತಿನ ಸುತ್ತ ಒತ್ತಡ ಬಿದ್ದರೆ ಬಿರುಕು ಬೆಳೆಯುತ್ತದೆ. ಮುಳ್ಳು ಎತ್ತರಿಸಿದ ಮೇಲೆ ಗಾಜಿಗೆ ತಾಗುತ್ತದೆಯೇ ಅಂತ ಪೂರ್ತಿ ಹನ್ನೆರಡು ಗಂಟೆ ತಿರುಗಿಸಿ ನೋಡಲಿ. ಬಿರುಕಿಗೆ ಸೂಪರ್‌ಗ್ಲೂ ಬಿಡಲು ಬಿಡಬೇಡಿ.

ಸಾಗರದ ಕಲ್ಲುಪ್ರೇಮಿ
ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಇಡಿ. ಬಣ್ಣ ಬದಲಾಗುವ ಹರಳೇ ತಗೊಳ್ಳಿ, ತೇವ ಕುಡಿದಿದ್ದು ಗೊತ್ತಾಗುತ್ತದೆ. ಇದನ್ನು ಓದುವ ಯಾರ ಹತ್ತಿರವಾದರೂ ಓಪಲ್ ಕಲ್ಲಿನ ಡಯಲ್ ಇದ್ದರೆ ಹೀಗೆ ಮಾಡಬೇಡಿ. ಓಪಲ್ ಒಳಗೇ ನೀರಿನಂಶ ಇರುತ್ತದೆ, ಜಾಸ್ತಿ ಒಣಗಿದರೆ ಸೀಳುತ್ತದೆ.